ಬಯಾಲಜಿ ಮಕ್ಕಳಿಗೆ ಕ್ಯಾಲ್ಕುಲಸ್ ಎಲ್ಲಿಂದ ಶುರು ಮಾಡುತ್ತೀರಿ?

ಎಡದಂಡೆ ಮೇಷ್ಟ್ರು, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಬಿ.ಫಾರ್ಮ್ ಮೊದಲ ಸೆಮಿಸ್ಟರಿಗೆ ರೆಮಿಡಿಯಲ್ ಮ್ಯಾಥ್ಸ್ ಪಾಠ ಮಾಡುತ್ತೇನೆ. ಪಿಯುಸಿಯಲ್ಲಿ ಗಣಿತ ಇಲ್ಲದೆ ಬಯಾಲಜಿ ಓದಿ ಬಂದವರಿಗೆ ಈ ವಿಷಯ. ಬಯಾಲಜಿ ಬಿಟ್ಟು ಗಣಿತ ಓದಿ ಬಂದವರಿಗೆ ರೆಮಿಡಿಯಲ್ ಬಯಾಲಜಿ. ಒಟ್ಟು 30 ಗಂಟೆ. ಅಷ್ಟರಲ್ಲಿ ಪಾರ್ಶಿಯಲ್ ಫ್ರಾಕ್ಷನ್, ಲಾಗರಿದಮ್, ಲಿಮಿಟ್, ಮ್ಯಾಟ್ರಿಕ್ಸ್, ಡಿಫರೆನ್ಷಿಯೇಷನ್, ಇಂಟಿಗ್ರೇಷನ್, ಡಿಫರೆನ್ಷಿಯಲ್ ಈಕ್ವೇಷನ್, ಕೊನೆಗೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ತನಕ ಮುಗಿಸಬೇಕು. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಬಡಿಸಿದ ಹಾಗೆ, ಎಲೆ ಮೇಲೆ ಎಲ್ಲಾ ಬೀಳುತ್ತೆ, ಉಣ್ಣಲಿಕ್ಕೆ ಮಾತ್ರ ಪುರುಸೊತ್ತಿಲ್ಲ.

ಆರು ವರ್ಷ ಸಿಲಬಸ್ ಇದ್ದ ಹಾಗೆ ಮೇಲಿಂದ ಕೆಳಗೆ ಮಾಡಿದೆ. ಹುಡುಗರು ಎಕ್ಸ್ ಕ್ಯೂಬಿನ ಡೆರಿವೇಟಿವ್ ಬರೆಯುತ್ತಾರೆ. ಆದರೆ ಹೋದ ವರ್ಷ ಒಬ್ಬ ಡಿವೈ ಬೈ ಡಿಎಕ್ಸ್‌ನಲ್ಲಿ ಮೇಲಿನ ಡಿ, ಕೆಳಗಿನ ಡಿ ಎರಡನ್ನೂ ಹೊಡೆದು ಹಾಕಿ ವೈ ಬೈ ಎಕ್ಸ್ ಅಂತ ಉತ್ತರ ಬರೆದ. ನಗು ಬಂತು, ಆಮೇಲೆ ಬೇಜಾರಾಯಿತು. ಅದು ಭಾಗಾಕಾರ ಅಲ್ಲ, ಬದಲಾವಣೆಯ ವೇಗ ಅಂತ ನಾನು ಒಮ್ಮೆಯಾದರೂ ಅವನಿಗೆ ಅನಿಸುವ ಹಾಗೆ ಹೇಳಿದ್ದೆನಾ?

ಈ ವರ್ಷ ತಿರುಗಿಸಿ ಹಾಕಿದೆ. ಮೊದಲ ಕ್ಲಾಸಿನಲ್ಲಿ ಸೂತ್ರ ಇಲ್ಲ. ಬೋರ್ಡಿನ ಮೇಲೆ ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುತ್ತಲ್ಲ, ತುಂಗಭದ್ರಾ ಡ್ಯಾಂ ಒಳಹರಿವು, ಹೊರಹರಿವು, ಸಂಗ್ರಹ, ಅಷ್ಟನ್ನೇ ಬರೆದೆ. ನಮ್ಮ ಕ್ಲಾಸಿನಲ್ಲಿ ಅರ್ಧ ಮಂದಿ ಎಡದಂಡೆ ಕಾಲುವೆ ನೀರು ಕುಡಿದು ಬೆಳೆದವರು, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯವರು. ಕ್ಯೂಸೆಕ್‌ಗೂ ಟಿಎಂಸಿಗೂ ಏನು ವ್ಯತ್ಯಾಸ ಅಂದೆ. ಎಲ್ಲಾ ಸುಮ್ಮನಾದರು. ಹಿಂದಿನ ಬೆಂಚಿನಿಂದ ಒಬ್ಬಳು, ಅಲ್ಲಿ ತನಕ ಬಾಯಿ ಬಿಡದವಳು, "ಕ್ಯೂಸೆಕ್ ಅಂದ್ರೆ ಬರೋದು ಸರ್, ಟಿಎಂಸಿ ಅಂದ್ರೆ ಇರೋದು" ಅಂದಳು.

ಅಷ್ಟೇ ಅಲ್ವಾ? ಬರೋದು ಡೆರಿವೇಟಿವ್. ಬಂದಿದ್ದೆಲ್ಲಾ ಕೂಡಿಸಿದರೆ ಇರೋದು, ಅದು ಇಂಟಿಗ್ರಲ್. ಸೆಕೆಂಡಿಗೆ ಒಂದು ಘನ ಅಡಿ ಒಂದು ಕ್ಯೂಸೆಕ್, ನೂರು ಕೋಟಿ ಘನ ಅಡಿ ಒಂದು ಟಿಎಂಸಿ, ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಇದನ್ನು ಮಕ್ಕಳೇ ಭಾಗಿಸಿ ತೆಗೆದರು. ಆಮೇಲೆ 2024ರ ಆಗಸ್ಟ್ 10ರ ರಾತ್ರಿಗೆ ಬಂದೆವು, 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದ ರಾತ್ರಿ. ಅದೊಂದೇ ಗೇಟಿನಿಂದ ಸುಮಾರು 35,000 ಕ್ಯೂಸೆಕ್ ಹೋಗುತ್ತಿದೆ ಅಂತ ಆಗ ಸುದ್ದಿ. ಹಾಗಾದರೆ ದಿನಕ್ಕೆ ಎಷ್ಟು? ಸುಮಾರು 3 ಟಿಎಂಸಿ. ಇಡೀ ಡ್ಯಾಂ ಈಗ ಹಿಡಿಯುವುದು 105 ಟಿಎಂಸಿ ಚಿಲ್ಲರೆ. ಒಬ್ಬ ಥಟ್ ಅಂತ "35 ದಿನಕ್ಕೆ ಖಾಲಿ" ಅಂದ. ಪಕ್ಕದವನು "ಇಲ್ಲೋ, ನೀರು ಇಳಿದಂಗೆ ಗೇಟಿನ ರಭಸಾನೂ ಇಳೀತದ, ಆಮೇಲೆ ಗೇಟಿನ ಬುಡಕ್ಕಿಂತ ಕೆಳಗಿನ ನೀರು ಹೆಂಗ್ ಹೋಗ್ತದ" ಅಂದ. ಎಷ್ಟು ಇದೆಯೋ ಅದರ ಮೇಲೆ ಎಷ್ಟು ಹೋಗುತ್ತೆ ಅನ್ನೋದು ನಿಂತಿದೆ. ಡಿಫರೆನ್ಷಿಯಲ್ ಈಕ್ವೇಷನ್ ಅಂದರೆ ಇದೇ ಮಾತು, ಬೇರೆ ಅಕ್ಷರದಲ್ಲಿ. ಹುಡುಗ ಅದನ್ನು ಬೆಂಚಿನ ಮೇಲೆ ಕೂತು ಹೇಳಿಬಿಟ್ಟ.

ರಕ್ತ ಅಂದರೆ ಡ್ಯಾಂ, ಮಾತ್ರೆ ಒಳಹರಿವು, ಲಿವರ್ ಮತ್ತು ಕಿಡ್ನಿ ಗೇಟು ಅಂತ ಮರುದಿನ ಹೇಳಿದಾಗ ಯಾರಿಗೂ ಕಷ್ಟ ಆಗಲಿಲ್ಲ.

ಈಗ ಪ್ರಶ್ನೆ. ಇದು ಸರಿ ದಾರಿನಾ, ಅಥವಾ ನಾನು ಸುಮ್ನೆ ಕತೆ ಹೇಳಿ ಕ್ಲಾಸು ಕಳೆಯುತ್ತಿದ್ದೇನಾ? ನೀವೆಲ್ಲಾ ಹೇಗೆ ಮಾಡುತ್ತೀರಿ?

ಸೀಮೆಸುಣ್ಣ, ಸಿಂಧನೂರು

ಸರ್, ಡ್ಯಾಂ ಕತೆ ಚೆನ್ನಾಗಿದೆ. ಆದರೆ ನಾನು ಪಿಯುಗೆ 18 ವರ್ಷದಿಂದ ಗಣಿತ ಹೇಳುತ್ತಿದ್ದೇನೆ, ಕಹಿ ಅನಿಸಿದರೂ ಹೇಳುತ್ತೇನೆ. ಈ ಮಕ್ಕಳ ತೊಂದರೆ ಕ್ಯಾಲ್ಕುಲಸ್ ಅಲ್ಲ. ಹತ್ತನೇ ಕ್ಲಾಸಿನ ಗಣಿತ. ನೀಟ್‌ಗೆ ಗಣಿತ ಬೇಡ ಅಂತ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪುಸ್ತಕ ಅಟ್ಟಕ್ಕೆ ಹಾಕಿರುತ್ತಾರೆ. ಎರಡು ವರ್ಷ ಧೂಳು. ಮೆಡಿಕಲ್ ಸಿಗಲಿಲ್ಲ ಅಂತ ಫಾರ್ಮಸಿಗೋ ಅಗ್ರಿಗೋ ಬಂದ ದಿನ ಆ ಧೂಳಿನ ಮೇಲೆ ನೀವು ಇಂಟಿಗ್ರಲ್ ಬರೆಯುತ್ತೀರಿ.

ನನ್ನ ತಮ್ಮನ ಮಗಳಿಗೆ ಮನೆಯಲ್ಲಿ ಹೇಳಿಕೊಡುವಾಗ ನೋಡಿದೆ. ಎ ಮತ್ತು ಬಿ ಕೂಡಿಸಿ ಅದರ ಲಾಗ್ ತೆಗಿ ಅಂದರೆ ಲಾಗ್ ಎ, ಲಾಗ್ ಬಿ ಎರಡನ್ನೂ ಬೇರೆ ಬೇರೆ ತೆಗೆದು ಕೂಡಿಸುತ್ತಾಳೆ. ಗ್ರಾಫ್ ಶೀಟ್ ಕೊಟ್ಟರೆ ಸ್ಕೇಲ್ ಯಾವುದು ತಗೋಬೇಕು ಅಂತಲೇ ಅರ್ಧ ಗಂಟೆ. ಇಳಿಜಾರು ಅಂದರೆ ಏನು ಅಂತ ಗೊತ್ತಿಲ್ಲದವಳಿಗೆ ಇಳಿಜಾರು ಬದಲಾಗುವ ಗೆರೆ ತೋರಿಸಿ ಏನು ಪ್ರಯೋಜನ? ನನ್ನ ಪ್ರಕಾರ 30 ಗಂಟೆಯಲ್ಲಿ ಮೊದಲ 12 ಗಂಟೆ ಭಿನ್ನರಾಶಿ, ಘಾತ, ಲಾಗ್, ಗ್ರಾಫ್. ಅದಾದ ಮೇಲೆ ನಿಮ್ಮ ಡ್ಯಾಂ ತುಂಬಿಸಿ.

ಮಿರ್ಚಿ ಒಗ್ಗರಣೆ, ಕೊಪ್ಪಳ

ನಾನು ಬಿಎಸ್ಸಿ ಕೊನೇ ವರ್ಷ, ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜೂವಾಲಜಿ). ಮೇಷ್ಟ್ರುಗಳ ಮಧ್ಯೆ ಬಾಯಿ ಹಾಕ್ತಿದೀನಿ, ಬೈಬೇಡಿ. ಹತ್ತನೇ ತನಕ ನಾನು ಕನ್ನಡ ಮೀಡಿಯಂ. ಅಲ್ಲಿ ಗಣಿತದಲ್ಲಿ 100ಕ್ಕೆ 91. ಪಿಯುಗೆ ಬಂದ ಕೂಡಲೇ ಎಲ್ಲಾ ಇಂಗ್ಲಿಷು, ಹೆದರಿ ಗಣಿತ ಬಿಟ್ಟೆ. ಗಣಿತಕ್ಕೆ ಹೆದರಿ ಅಲ್ಲ, ಅದನ್ನು ಹೇಳುತ್ತಿದ್ದ ಭಾಷೆಗೆ. ಲಿಮಿಟ್ ಅಂದರೆ ನನಗೆ ಆಗ ಲಾರಿ ಹಿಂದೆ ಬರೆದಿರುವ ಸ್ಪೀಡ್ ಲಿಮಿಟ್ ಒಂದೇ ಗೊತ್ತಿದ್ದದ್ದು. ಅವಕಲನ, ಅನುಕಲನ ಅಂತ ಕನ್ನಡ ಹೆಸರು ಹೇಳಿದರೂ ಅಷ್ಟೇ, ಅದೂ ನನಗೆ ಇಂಗ್ಲಿಷೇ. ಆದರೆ "ಬರೋದು, ಇರೋದು" ಅಂತ ಯಾರಾದರೂ ಅಂದಿದ್ದರೆ ಬಹುಶಃ ಬಿಡುತ್ತಿರಲಿಲ್ಲ. ಹಿಂದಿನ ಬೆಂಚಿನ ಆ ಅಕ್ಕನಿಗೆ ನನ್ನ ಕಡೆಯಿಂದ ಒಂದು ಪ್ಲೇಟ್ ಮಿರ್ಚಿ.

ಎಡದಂಡೆ ಮೇಷ್ಟ್ರು, ರಾಯಚೂರು

ಸೀಮೆಸುಣ್ಣ ಸರ್, ನಿಮ್ಮ ಮಾತು ಸುಳ್ಳಲ್ಲ. ಆದರೆ 12 ಗಂಟೆ ಬರೀ ಲಾಗ್ ಮಾಡಿದರೆ ಮಕ್ಕಳು ಕೇಳುವುದು ಒಂದೇ, ಇದು ಯಾಕೆ ಸರ್. ಲಾಗ್ ಯಾಕೆ ಬೇಕು ಅಂತ ಅವರಿಗೇ ಅನಿಸಬೇಕು. ಅದಕ್ಕೆ ನಾನು ಮಾಡಿದ್ದು ಹೇಳುತ್ತೇನೆ.

ಹುಣಸೆ ಬೀಜ. ಚೌಕಾಬಾರ ಆಡಲು ಮನೆಯಲ್ಲಿ ಅಜ್ಜಿಯರು ಒಂದು ಬದಿ ಕಲ್ಲಿಗೆ ತೇದು ಬಿಳಿ ಮಾಡಿಕೊಡುತ್ತಾರಲ್ಲ, ಅಂಥವು. ಒಂದೊಂದು ಗುಂಪಿಗೆ 80 ಬೀಜ. ಅಂಗೈಯಲ್ಲಿ ಕುಲುಕಿ ಬೆಂಚಿನ ಮೇಲೆ ಎಸೆಯುವುದು, ಬಿಳಿ ಮೇಲೆ ಬಿದ್ದವನ್ನು ತೆಗೆದಿಡುವುದು, ಅವು ದೇಹದಿಂದ ಹೊರಗೆ ಹೋದ ಔಷಧಿ. ಉಳಿದದ್ದನ್ನು ಎಣಿಸಿ ಬರೆದು ಮತ್ತೆ ಎಸೆಯುವುದು. ಒಂದು ಗುಂಪಿಗೆ ಬಂದದ್ದು: 80, 41, 22, 10, 6, 2, 1. ಪಕ್ಕದ ಗುಂಪಿಗೆ: 80, 56, 40, 27, 19, 14. ಅವರು ಅಳುಮೋರೆ ಹಾಕಿಕೊಂಡು "ನಮ್ಮದು ತಪ್ಪಾಯ್ತು ಸರ್" ಅಂದರು. ಬೀಜ ಕೈಗೆ ತಗೊಂಡು ನೋಡಿದರೆ ಅವರು ತೇದದ್ದು ಓರೆ. ಬಿಳಿ ಮೇಲಾಗಿ ಬೀಳುವುದೇ ಕಡಿಮೆ. ತಪ್ಪೇನೂ ಇಲ್ಲ, ನಿಮ್ಮ ಪೇಷೆಂಟಿನ ಕಿಡ್ನಿ ಸ್ವಲ್ಪ ನಿಧಾನ ಅಂದೆ. ಇಡೀ ಕ್ಲಾಸು ಗೊಳ್ಳೆಂದಿತು, ಆದರೆ ಎಲಿಮಿನೇಷನ್ ಕಾನ್ಸ್ಟಂಟ್ (ಔಷಧಿ ಎಷ್ಟು ಬೇಗ ಹೊರಗೆ ಹೋಗುತ್ತೆ ಅನ್ನೋ ಅಂಕಿ) ಅಂದರೆ ಏನು ಅಂತ ಅಲ್ಲಿಗೆ ಮುಗಿಯಿತು. ಮೊದಲ ಗುಂಪಿನ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಹೋಗಲು ಬೇಕಾದ ಸಮಯ, ಒಂದು ಎಸೆತ, ಎರಡನೆಯವರದ್ದು ಸುಮಾರು ಎರಡು ಎಸೆತ.

ಆಮೇಲೆ ಗ್ರಾಫ್. ಮಾಮೂಲಿ ಶೀಟಿನಲ್ಲಿ ಎರಡೂ ಬಾಗಿದ ಗೆರೆ, ಯಾವುದರ ಇಳಿಕೆ ಎಷ್ಟು ಅಂತ ಹೇಳೋದು ಕಷ್ಟ. ಪ್ರತಿ ಎಣಿಕೆಯ ಲಾಗ್ ತೆಗೆದು ಹಾಕಿ ಅಂದೆ. ಎರಡೂ ಹೆಚ್ಚುಕಡಿಮೆ ನೆಟ್ಟಗಾದವು, ಒಂದು ಕಡಿದಾದ ಇಳಿಜಾರು, ಒಂದು ನಿಧಾನ ಇಳಿಜಾರು. ಲಾಗ್ ಯಾಕೆ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಸೀಮೆಸುಣ್ಣ, ಸಿಂಧನೂರು

ಬೀಜದ ಐಡಿಯಾ ನಾನು ಕದಿಯುತ್ತೇನೆ, ಮೊದಲೇ ಹೇಳಿಬಿಟ್ಟೆ. ಆದರೆ ಒಂದು ತಕರಾರು ಇದೆ, ಸಣ್ಣದಲ್ಲ. ಬೀಜ ಎಸೆತಕ್ಕೊಮ್ಮೆ ಕಡಿಮೆಯಾಗುತ್ತೆ. ಔಷಧಿ ಹಾಗಲ್ಲ, ನಿಲ್ಲದೆ ಹೋಗುತ್ತಾ ಇರುತ್ತೆ. ಒಂದು ಎಸೆತಕ್ಕೆ ಅರ್ಧ ಹೋಗುತ್ತೆ ಅಂದಾಗ ಮಕ್ಕಳು ಕಾನ್ಸ್ಟಂಟ್ 0.5 ಅಂತ ಬರೆದುಕೊಳ್ಳುತ್ತಾರೆ. ಅದು 0.693, ಅಂದರೆ 2ರ ನ್ಯಾಚುರಲ್ ಲಾಗ್. ನಿಮ್ಮ ಎರಡನೇ ಗುಂಪು ಪ್ರತಿ ಸಲ 0.3 ಭಾಗ ಕಳೆದುಕೊಂಡಿದೆ, ಆದರೆ ಅವರ ಕಾನ್ಸ್ಟಂಟ್ 0.3 ಅಲ್ಲ, ಸುಮಾರು 0.357. ಈ ವ್ಯತ್ಯಾಸ ಮುಚ್ಚಿಟ್ಟು ಪಾಠ ಮಾಡಿದರೆ ಆಮೇಲೆ ಮೂರನೇ ವರ್ಷದಲ್ಲಿ ಅರ್ಧಾಯು ಸೂತ್ರ ಬಂದಾಗ 0.693 ಎಲ್ಲಿಂದ ಉದುರಿತು ಅಂತ ಗೊತ್ತಾಗದೆ ಬಾಯಿಪಾಠ ಹೊಡೆಯುತ್ತಾರೆ. ಬಹಳ ಜನ ಹೊಡೆದೇ ಪಾಸಾಗಿದ್ದಾರೆ ಕೂಡ.

ಎಡದಂಡೆ ಮೇಷ್ಟ್ರು, ರಾಯಚೂರು

ಸರ್, ಸಿಕ್ಕಿಹಾಕಿಕೊಂಡೆ. ಇದನ್ನು ನಾನು ಕ್ಲಾಸಿನಲ್ಲಿ ನಿಜವಾಗಲೂ ಹಾರಿಸಿಬಿಟ್ಟಿದ್ದೆ.

(ಎರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ.) ನಿಮ್ಮ ತಕರಾರನ್ನೇ ಇವತ್ತು ಪಾಠ ಮಾಡಿದೆ. 100 ಮಿಲಿಗ್ರಾಂ ಇದೆ, ಗಂಟೆಗೆ ನೂರಕ್ಕೆ ಹತ್ತರಂತೆ ಹೋಗುತ್ತೆ ಅಂದುಕೊಳ್ಳಿ. ಗಂಟೆಗೊಮ್ಮೆ ಲೆಕ್ಕ ಹಾಕಿದರೆ ಉಳಿದದ್ದು 90. ಅರ್ಧ ಗಂಟೆಗೊಮ್ಮೆ ಐದರಂತೆ ಹಾಕಿದರೆ 95, ಆಮೇಲೆ 90.25. ಕಾಲು ಗಂಟೆಗೊಮ್ಮೆ ಹಾಕಿದರೆ 90.37. ಇನ್ನೂ ಸಣ್ಣ ಮಾಡುತ್ತಾ ಹೋಗಿ ಅಂತ ಮೊಬೈಲ್ ಕ್ಯಾಲ್ಕುಲೇಟರ್ ತೆಗೆಸಿದೆ. ನಿಮಿಷಕ್ಕೊಮ್ಮೆ ಮಾಡಿದವನಿಗೆ 90.48. ಸೆಕೆಂಡಿಗೊಮ್ಮೆ ಮಾಡಿದವಳಿಗೂ 90.48. "ಸರ್, ಇದು ಮುಂದಕ್ಕೆ ಹೋಗ್ತಾನೇ ಇಲ್ಲ" ಅಂದಳು. ಅದೇ ಲಿಮಿಟ್ ಅಂದೆ. ಹೋದ ವರ್ಷದ ತನಕ ಲಿಮಿಟ್ ನನ್ನ ಮೂರನೇ ವಾರದ ಪಾಠ, ಸೊನ್ನೆ ಬೈ ಸೊನ್ನೆ ಲೆಕ್ಕಗಳು, ಯಾಕೆ ಮಾಡುತ್ತಿದ್ದೇವೆ ಅಂತ ನನಗೂ ಅವರಿಗೂ ಗೊತ್ತಿಲ್ಲ. ಈಗ ಅದು ತಾನಾಗಿ ಬಂತು, ನಿಮ್ಮ ಪುಣ್ಯ.

ಡಾಕ್ಟರಕ್ಕ, ಬಳ್ಳಾರಿ

ಓದಿ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಮಗೆ ಯಾರೂ ಹೀಗೆ ಹೇಳಲಿಲ್ಲ. ಅದರಿಂದ ಏನಾಗುತ್ತೆ ಅಂತ ನನ್ನದೇ ಒಂದು ತಪ್ಪು ಹೇಳುತ್ತೇನೆ.

ಹೌಸ್ ಸರ್ಜನ್ ಆಗಿದ್ದಾಗ ಫಿಟ್ಸ್ ಇದ್ದ ಒಬ್ಬ ಯಜಮಾನರು, ದಿನಕ್ಕೆ 300 ಮಿಲಿಗ್ರಾಂ ಫೆನಿಟಾಯಿನ್ ತಗೊಳ್ಳುತ್ತಿದ್ದರು. ಫಿಟ್ಸ್ ಪೂರ್ತಿ ನಿಂತಿರಲಿಲ್ಲ. ಒಂದು ಮಾತ್ರೆ ಜಾಸ್ತಿ ಮಾಡಿದರಾಯಿತು ಅಂತ 400 ಬರೆಸಿದೆ. ಕೆಲವು ವಾರದಲ್ಲಿ ಮಗನ ಹೆಗಲು ಹಿಡಿದುಕೊಂಡು ತೂರಾಡುತ್ತಾ ಬಂದರು, ಕಣ್ಣುಗುಡ್ಡೆ ಅತ್ತಿತ್ತ ಎಗರುತ್ತಿತ್ತು. ಮನೆಯವರು ಕುಡಿದಿದ್ದಾರೆ ಅಂತ ಬೈದು ಕರಕೊಂಡು ಬಂದಿದ್ದರು. ಪಾಪ, ಔಷಧಿ ಜಾಸ್ತಿಯಾಗಿತ್ತು ಅಷ್ಟೇ. ಡೋಸ್ ಕಡಿಮೆ ಮಾಡಿದ ಮೇಲೆ ಸರಿಹೋದರು.

ನಾನು ಅಂದುಕೊಂಡದ್ದು ಡೋಸ್ ಮೂರರಲ್ಲಿ ಒಂದು ಪಾಲು ಜಾಸ್ತಿ, ರಕ್ತದಲ್ಲೂ ಅಷ್ಟೇ ಜಾಸ್ತಿ ಅಂತ. ಮೇಷ್ಟ್ರ ಗೇಟು ನೆನಪಿಸಿಕೊಳ್ಳಿ. ಹೆಚ್ಚಿನ ಔಷಧಿಗಳಲ್ಲಿ ನೀರು ಏರಿದಷ್ಟು ಗೇಟು ಜಾಸ್ತಿ ಬಿಡುತ್ತೆ. ಫೆನಿಟಾಯಿನ್‌ಗೆ ಲಿವರ್‌ನ ಎನ್‌ಜೈಮ್ ಭರ್ತಿಯಾಗಿಬಿಡುತ್ತೆ, ಒಂದು ಮಿತಿ ಆದ ಮೇಲೆ ಗೇಟು ಇನ್ನು ತೆರೆಯಲ್ಲ. ಇದು 1913ರ ಮೈಕೇಲಿಸ್ ಮತ್ತು ಮೆಂಟೆನ್ ಸಮೀಕರಣ, ಬಯೋಕೆಮಿಸ್ಟ್ರಿಯಲ್ಲಿ ಎಲ್ಲರೂ ಬರೆದಿರುತ್ತೀರಿ. ಉದಾಹರಣೆಗೆ ಒಬ್ಬರ ಲಿವರ್ ಹೆಚ್ಚೆಂದರೆ ದಿನಕ್ಕೆ 500 ಮಿಲಿಗ್ರಾಂ ಹೊರಹಾಕಬಲ್ಲದು, ಕೆಎಂ (ಗೇಟು ಅರ್ಧ ವೇಗಕ್ಕೆ ಬರುವ ರಕ್ತದ ಮಟ್ಟ) ಲೀಟರಿಗೆ 5 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ಒಳಗೆ ಬರೋದೂ ಹೊರಗೆ ಹೋಗೋದೂ ಸಮ ಮಾಡಿ ಬಿಡಿಸಿದರೆ 300ಕ್ಕೆ ರಕ್ತದಲ್ಲಿ 7.5. 400ಕ್ಕೆ 20. 450ಕ್ಕೆ 45. ಇರಬೇಕಾದದ್ದು 10ರಿಂದ 20ರ ಒಳಗೆ. ಡೋಸಿನ ಜೊತೆ ಮಟ್ಟ ಎಷ್ಟು ಜೋರಾಗಿ ಏರುತ್ತೆ ಅಂತ ಒಂದು ಗೆರೆ ಎಳೆದು ತೋರಿಸಿದ್ದರೆ ಆ ಯಜಮಾನರು ತೂರಾಡುತ್ತಿರಲಿಲ್ಲ. ಇದಕ್ಕೆ ಕಷ್ಟದ ಕ್ಯಾಲ್ಕುಲಸ್ ಏನೂ ಬೇಡ, ವೇಗ ಅನ್ನೋ ಒಂದು ಯೋಚನೆ ಸಾಕು.

ಇನ್ನೊಂದು, ನಗಲಿಕ್ಕೆ. 1994ರಲ್ಲಿ ಡಯಾಬಿಟಿಸ್ ಕೇರ್ ಅನ್ನೋ ದೊಡ್ಡ ಜರ್ನಲ್‌ನಲ್ಲಿ ಗ್ಲೂಕೋಸ್ ಗೆರೆಯ ಕೆಳಗಿನ ಜಾಗ ಅಳೆಯಲು ಹೊಸ ವಿಧಾನ ಅಂತ ಒಂದು ಪ್ರಬಂಧ ಬಂತು. ಗೆರೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕೂಡಿಸುವುದು, ಅಂದರೆ ಇಂಟಿಗ್ರೇಷನ್ ಪಾಠದ ಹಳೇ ಟ್ರೆಪೀಜಿಯಂ ನಿಯಮ. ಬಂದ ಮೇಲೆ ಜನ ಪತ್ರ ಬರೆದು ಇದು ಹಳೇದು ಅಂದರು, ಆದರೂ ಅದನ್ನು ಉಲ್ಲೇಖಿಸಿದವರು ನೂರಾರು ಮಂದಿ. ಪಾಠ ಬಿಟ್ಟವರು ನಾವು ಒಬ್ಬರೇ ಅಲ್ಲ.

ಸೀಮೆಸುಣ್ಣ, ಸಿಂಧನೂರು

ಹಾಗಾದರೆ ನಾನೂ ವರ್ಗ ಸಮೀಕರಣಕ್ಕೆ ಒಂದು ಪೇಪರ್ ಕಳಿಸುತ್ತೇನೆ ಡಾಕ್ಟ್ರೇ.

ಕಾಲುವೆ ಮೇಲಿನ ಹುಡುಗ, ಮಾನ್ವಿ

ಡಾಕ್ಟರಕ್ಕಾ, ಮನೆಯವರು ಕುಡಿದಿದ್ದಾರೆ ಅಂದಿದ್ದೂ ಒಂದು ಲೆಕ್ಕದಲ್ಲಿ ಸರಿ ಅಲ್ವಾ? ಹೆಂಡಕ್ಕೂ ಲಿವರ್ ಗೇಟು ಹೀಗೇ ಬೇಗ ಭರ್ತಿ. ಎಷ್ಟೇ ಕುಡಿದಿರಲಿ, ಗಂಟೆಗೆ ಇಷ್ಟೇ ಅಂತ ಹೊರಗೆ ಹೋಗುತ್ತೆ. ಅದರ ಗ್ರಾಫ್ ಬಾಗಲ್ಲ, ನೆಟ್ಟಗೆ ಇಳಿಯುತ್ತೆ. ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ನೆನಪಿರುವ ಜೀರೋ ಆರ್ಡರ್ ಉದಾಹರಣೆ ಇದೊಂದೇ.

ಭತ್ತದ ಗದ್ದೆ, ಗಂಗಾವತಿ

ಅಗ್ರಿ ಬಿಎಸ್ಸಿಯಲ್ಲೂ ಇದೇ ಗೋಳು. ಅಲ್ಲಿ ಬಯಾಲಜಿಯಿಂದ ಬಂದವರಿಗೆ ಎಲಿಮೆಂಟರಿ ಮ್ಯಾಥಮ್ಯಾಟಿಕ್ಸ್ ಅಂತ ಇರುತ್ತೆ. ಮ್ಯಾಕ್ಸಿಮಾ ಮಿನಿಮಾ ಲೆಕ್ಕಕ್ಕೆ ಎಲ್ಲಾ ಪುಸ್ತಕದಲ್ಲೂ ತಂತಿಬೇಲಿ, ರಟ್ಟಿನ ಡಬ್ಬಿ. ರಟ್ಟಿನ ಡಬ್ಬಿ ನಾವ್ಯಾಕೆ ಮಾಡೋಣ, ನಮ್ಮ ಹತ್ತಿರ ಯೂರಿಯಾ ಇದೆ.

ನಾನು ಹೇಳುವುದು ಹೀಗೆ. ಹೆಕ್ಟೇರಿಗೆ ಭತ್ತದ ಇಳುವರಿ = 3000 + 30 × ಸಾರಜನಕ − 0.1 × ಸಾರಜನಕದ ವರ್ಗ, ಎಲ್ಲಾ ಕೆಜಿಯಲ್ಲಿ. ಇದು ಲೆಕ್ಕಕ್ಕೆ ಕೈಯಿಂದ ಹಾಕಿದ ಅಂಕಿ, ಯಾವ ಪ್ರಯೋಗದ್ದೂ ಅಲ್ಲ. ಡೆರಿವೇಟಿವ್ 30 − 0.2 × ಸಾರಜನಕ. ಅಂದರೆ ಇನ್ನೊಂದು ಕೆಜಿ ಹಾಕಿದರೆ ಎಷ್ಟು ಭತ್ತ ಜಾಸ್ತಿ ಬರುತ್ತೆ ಅನ್ನೋದು. ಸೊನ್ನೆ ಆಗುವುದು 150 ಕೆಜಿಗೆ, ಅಲ್ಲಿ ಇಳುವರಿ 5250. ಆಮೇಲೆ ಹಾಕಿದ್ದು ಪೈರು ಮಲಗಿಸಲಿಕ್ಕೆ.

ಆದರೆ ರೈತ ನಿಲ್ಲಿಸಬೇಕಾದದ್ದು ಇಳುವರಿ ತುದಿಯಲ್ಲಲ್ಲ, ಇನ್ನೊಂದು ಕೆಜಿ ಸಾರಜನಕದ ದುಡ್ಡು ಅದರಿಂದ ಬರುವ ಭತ್ತದ ದುಡ್ಡಿಗೆ ಸಮ ಆಗುವಲ್ಲಿ. 45 ಕೆಜಿ ಯೂರಿಯಾ ಚೀಲ ₹266.50, ಅದರಲ್ಲಿ ನೂರಕ್ಕೆ 46 ಸಾರಜನಕ. ಕೆಜಿ ಸಾರಜನಕಕ್ಕೆ ₹13ರ ಹತ್ತಿರ. ಭತ್ತ ಕೆಜಿಗೆ ₹23 ಅಂದುಕೊಂಡರೆ ಡೆರಿವೇಟಿವ್ 0.56 ಆದಾಗ ನಿಲ್ಲಿಸಬೇಕು. ಬಿಡಿಸಿ, ಸುಮಾರು 147 ಕೆಜಿ ಬರುತ್ತೆ. ತುದಿಗೂ ಇದಕ್ಕೂ ಬರೀ 3 ಕೆಜಿ ಅಂತರ. ಸಾರಜನಕ ಕೆಜಿಗೆ ₹69 ಆಗಿದ್ದರೆ? 135ಕ್ಕೇ ನಿಲ್ಲಬೇಕಿತ್ತು. ಸಬ್ಸಿಡಿ ಚೀಲ ಇರುವಾಗ ಕೈ ಯಾಕೆ ತಡೆಯಲ್ಲ ಅಂತ ಮಕ್ಕಳಿಗೆ ಒಂದೇ ಲೆಕ್ಕದಲ್ಲಿ ಕಂಡಿತು. ಅವತ್ತು ಒಬ್ಬ ಹುಡುಗ ಮನೆಗೆ ಫೋನ್ ಮಾಡಿ "ಅಪ್ಪಾ, ನೀ ಎಷ್ಟ್ ಚೀಲ ಹಾಕ್ತಿ" ಅಂತ ಕೇಳಿದ್ದಾನೆ. ಅಪ್ಪ ಬೈದನಂತೆ, ಅದು ಬೇರೆ ವಿಷಯ.

ರಿಟೈರ್ಡ್ ಜೂವಾಲಜಿ, ಬಳ್ಳಾರಿ

ಬಯಾಲಜಿಯವರಿಗೆ ಗಣಿತ ಯಾಕೆ ಅಂತ ಕೇಳುವವರಿಗೆ ನಾನು ರೊನಾಲ್ಡ್ ರಾಸ್ ಕತೆ ಹೇಳುತ್ತಿದ್ದೆ. ರಾಯಚೂರಿಂದ ರೈಲು ಹತ್ತಿದರೆ ಸಿಗುವ ಸಿಕಂದರಾಬಾದ್‌ನಲ್ಲಿ 1897ರ ಆಗಸ್ಟ್‌ನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡವರು, 1902ರಲ್ಲಿ ನೊಬೆಲ್ ಪಡೆದವರು. ಅದು ಎಲ್ಲರಿಗೂ ಗೊತ್ತು. ಆಮೇಲೆ ಅವರು ಕೂತು ಗಣಿತ ಮಾಡಿದ್ದು ಕಡಿಮೆ ಜನಕ್ಕೆ ಗೊತ್ತು. ಕೊನೇ ಸೊಳ್ಳೆ ತನಕ ಕೊಲ್ಲುವುದು ಹೇಗೆ ಸಾಧ್ಯ ಅಂತ ಆಗ ಜನ ನಗುತ್ತಿದ್ದರು. ಕೊಲ್ಲಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಹೊಸ ಕಾಯಿಲೆ ಬರುವ ವೇಗ ವಾಸಿಯಾಗುವ ವೇಗಕ್ಕಿಂತ ಕಡಿಮೆಯಾಗಿ ಮಲೇರಿಯಾ ತಾನಾಗಿ ಕರಗುತ್ತೆ ಅಂತ ಅವರು ಲೆಕ್ಕದಲ್ಲಿ ತೋರಿಸಿದರು. ಮೈಕ್ರೋಸ್ಕೋಪಿನಲ್ಲಿ ಅದು ಕಾಣುತ್ತಿರಲಿಲ್ಲ. ಇಲ್ಲೂ ನಿಮ್ಮ ಒಳಹರಿವು ಹೊರಹರಿವೇ.

ಸೀಮೆಸುಣ್ಣ, ಸಿಂಧನೂರು

ಎಲ್ಲಾ ಒಪ್ಪಿದೆ. ಒಂದು ಬಿಟ್ಟು. ಪರೀಕ್ಷೆಯಲ್ಲಿ ಡ್ಯಾಂ ಬರಲ್ಲ. ಒಂದೂವರೆ ಗಂಟೆ, 35 ಅಂಕ, ಪಾರ್ಶಿಯಲ್ ಫ್ರಾಕ್ಷನ್ ಬಿಡಿಸು, ಲಾಪ್ಲಾಸ್ ಕಂಡುಹಿಡಿ. ಎಡದಂಡೆ ಸರ್, ಲಾಪ್ಲಾಸ್ ಹೇಗೆ ಮಾಡುತ್ತೀರಿ, ಅದನ್ನೂ ಕಾಲುವೆಗೆ ಬಿಡುತ್ತೀರಾ?

ಎಡದಂಡೆ ಮೇಷ್ಟ್ರು, ರಾಯಚೂರು

ಅದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇಲ್ಲ ಸರ್. ಕೊನೇ ನಾಲ್ಕು ಗಂಟೆ ಲಾಪ್ಲಾಸ್ ಟೇಬಲ್ ಕೊಟ್ಟು ಹತ್ತು ಲೆಕ್ಕ ಉಜ್ಜಿಸುತ್ತೇನೆ, ಬಾಯಿಪಾಠಕ್ಕೆ ಬಾಯಿಪಾಠವೇ ಮದ್ದು. ಮ್ಯಾಟ್ರಿಕ್ಸ್‌ಗೆ ಮೂರು ಗಂಟೆ, ಅದೂ ಹಾಗೇ. ಆದರೆ ಡ್ಯಾಂ, ಬೀಜ, ಮಾತ್ರೆಗೆ ಮೊದಲ ಎಂಟು ಗಂಟೆ ಬಿಡಲ್ಲ. ನಿಮ್ಮ 12 ಗಂಟೆಯ ಲಾಗ್ ಮತ್ತು ಗ್ರಾಫ್ ಅದರೊಳಗೇ ಬರುತ್ತೆ, ಪೂರ್ತಿ ಅಲ್ಲ, ಅರ್ಧ. ಉಳಿದ ಅರ್ಧಕ್ಕೆ ಶನಿವಾರ ಮಧ್ಯಾಹ್ನ ಎಕ್ಸ್ಟ್ರಾ ಕ್ಲಾಸ್ ಇಟ್ಟಿದ್ದೇನೆ, ಭಿನ್ನರಾಶಿಯಿಂದ. ಹೋದ ಶನಿವಾರ 60 ಜನರಲ್ಲಿ ಬಂದವರು 22.

ಮಿರ್ಚಿ ಒಗ್ಗರಣೆ, ಕೊಪ್ಪಳ

ಸರ್, ಒಂದು ಡೌಟು. ಅಜ್ಜಿ ಹತ್ತಿರ ಹುಣಸೆ ಬೀಜ ಕೇಳಿದೆ, 80 ಯಾಕೆ, ನಾಲ್ಕು ಸಾಕಲ್ಲ ಆಟಕ್ಕೆ ಅಂತಾಳೆ. ಔಷಧಿ ಲೆಕ್ಕ ಅಂದೆ. ಯಾರಿಗೆ ಹುಷಾರಿಲ್ಲ ಅಂತ ಗಾಬರಿಯಾದಳು. ಕೊನೆಗೆ ಅಂಗಳದ ಕಲ್ಲಿನ ಮೇಲೆ ಇಬ್ಬರೂ ಕೂತು 50 ತೇದಿದ್ದೇವೆ, ಬೆರಳು ಉರಿ. 50ರಲ್ಲಿ ಮಾಡಿದರೆ ನಡೆಯುತ್ತಾ, ಅಥವಾ ಗೆರೆ ಸೊಟ್ಟ ಬರುತ್ತಾ?

ಎಡದಂಡೆ ಮೇಷ್ಟ್ರು, ರಾಯಚೂರು

ನಡೆಯುತ್ತಮ್ಮಾ. ಕೊನೆಕೊನೆಗೆ ಐದಾರು ಬೀಜ ಉಳಿದಾಗ ಸೊಟ್ಟ ಬಂದೇ ಬರುತ್ತೆ, 80 ಇದ್ದರೂ ಬರುತ್ತೆ. ಮೂರು ನಾಲ್ಕು ಸಲ ಮಾಡಿ ಪ್ರತಿ ಎಸೆತದ ಎಣಿಕೆ ಕೂಡಿಸಿ ಹಾಕು. ಎಸೆಯೋದು ಅಜ್ಜಿ ಕೈಲಿ ಎಸೆಸು, ಬರೆಯೋದು ನೀನು. ಅಂಕಿ ಇಲ್ಲಿ ಹಾಕು, ಸೀಮೆಸುಣ್ಣ ಸರ್ ತಪ್ಪು ಹುಡುಕಲಿ.